ಅಪ್‌ಡೇಟ್: ಗ್ಲೇಸಿಯರ್ ಬೇಗೆ ಕ್ರೂಸ್ ಒಂದೇ ಸಾಕಾ?

ಅಲಾಸ್ಕಾದ ಗ್ಲೇಸಿಯರ್ ಬೇ ಎಂಬ ಹಿಮನದಿಗಳ ಕೊಲ್ಲಿಯನ್ನು ಕ್ರೂಸ್ ಹಡಗಿನಿಂದ ನೋಡಿದರೆ ಸಾಕಾ, ಬೇರೆಯಾಗಿಯೂ ಹೋಗಬೇಕಾ ಅಂತ ಇಲ್ಲಿ ಕೇಳಿದ್ದೆ, ಹಲವರು ಸಲಹೆ ಕೊಟ್ಟಿದ್ದರು. ಅಮ್ಮನ ಜೊತೆ ಎರಡನ್ನೂ ಮಾಡಿ ಬಂದೆ.

ಎಡಬದಿಯ ಬಾಲ್ಕನಿ ರೂಮೇ ಬೇಕು ಎಂಬ ಸಲಹೆಯಿಂದ ಅಷ್ಟೇನೂ ಉಪಯೋಗ ಆಗಲಿಲ್ಲ. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಧಾನವಾಗಿ ತಿರುಗುತ್ತದೆ, ಎರಡೂ ಕಡೆಯವರಿಗೆ ಕಾಣುತ್ತದೆ. ಡೆಕ್ ಮೇಲೆ ನಿಲ್ಲುವುದೇ ವಾಸಿ. ಮಂಜುಗಡ್ಡೆ ಕಳಚಿ ಬೀಳುವುದು ಮೊದಲು ಕಾಣುತ್ತದೆ, ಗುಡುಗಿನಂಥ ಸದ್ದು ಆಮೇಲೆ ಬರುತ್ತದೆ. ಅಮ್ಮ ಊಟಕ್ಕೂ ಒಳಗೆ ಬರಲಿಲ್ಲ!

ಅಲಾಸ್ಕಾದ ರಾಜಧಾನಿ ಜೂನೋದಲ್ಲಿ ಹಡಗು ನಿಂತ ದಿನವೇ ಬೇರೆಯಾಗಿ ಕೊಲ್ಲಿಗೆ ಹೋಗಿ ಬನ್ನಿ ಅಂತ ಕೆಲವರು ಅಂದಿದ್ದರು. ಅದು ಆಗುವ ಮಾತಲ್ಲ, ಸಮಯ ಸಾಲದು. ಕೆಲಸಕ್ಕೆ ಬಂದಿದ್ದು ಕೊಲ್ಲಿಯ ಹತ್ತಿರದ ಪುಟ್ಟ ಊರು ಗಸ್ಟೇವಸ್‌ಗೆ ಹೋಗಿ ಎಂಬ ಸಲಹೆ. ಕ್ರೂಸ್ ಮುಗಿಸಿ ಜೂನೋಗೆ ವಾಪಸ್ ಬಂದು, ಸಣ್ಣ ವಿಮಾನದಲ್ಲಿ ಅಲ್ಲಿಗೆ ಹೋದೆವು. ರಸ್ತೆ ಇಲ್ಲ, ವಿಮಾನ ಅಥವಾ ದೋಣಿಯೇ ಗತಿ. ಅಲ್ಲಿಂದ ದೋಣಿ ಹೊರಡುವ ಜಾಗವಾದ ಬಾರ್ಟ್ಲೆಟ್ ಕೋವ್, ಮರುದಿನ ಇಡೀ ದಿನದ ದೋಣಿ ಪ್ರವಾಸ. ಸೌತ್ ಮಾರ್ಬಲ್ ದ್ವೀಪದ ಸೀ ಲಯನ್‌ಗಳು, ಪಫಿನ್ ಎಂಬ ಕಡಲ ಹಕ್ಕಿಗಳು ಎಷ್ಟು ಹತ್ತಿರ ಅಂತೀರಿ! ದೊಡ್ಡ ಹಡಗಿನವರು ಈ ಕೊಲ್ಲಿಯಲ್ಲಿ ಎಲ್ಲೂ ಇಳಿಯುವಂತಿಲ್ಲ.

ಗೊತ್ತೇ ಇರದ ಸಂಗತಿ ಒಂದು. 1794ರಲ್ಲಿ ಈ ಕೊಲ್ಲಿ ಬಹುಪಾಲು ಮಂಜುಗಡ್ಡೆಯೇ ಆಗಿತ್ತು. ಅದಕ್ಕೂ ಮುಂಚೆ ಇಲ್ಲಿ ಹೂನಾ ಟ್ಲಿಂಗಿಟ್ ಎಂಬ ಮೂಲನಿವಾಸಿ ಜನರ ಊರಿತ್ತು, ಮುನ್ನುಗ್ಗಿದ ಹಿಮನದಿ ಅವರನ್ನು ಒಕ್ಕಲೆಬ್ಬಿಸಿತು. ಬಾರ್ಟ್ಲೆಟ್ ಕೋವ್‌ನಲ್ಲಿ 2016ರಲ್ಲಿ ತೆರೆದ ಅವರ ಕುಲದ ಮನೆ ಇದೆ, ತಪ್ಪದೆ ನೋಡಿ.

ಈ ಪ್ರವಾಸದ ದೋಣಿ ಬೇಸಿಗೆಯಲ್ಲಿ ಮಾತ್ರ ಓಡುತ್ತದೆ. ಸೀಟು ಮೊದಲೇ ಕಾದಿರಿಸಿ.