ಎಮ್ಮೆಗೆ ವಿಮೆ ಇದೆ, ಕಾರಿಗಿಲ್ಲ

ಬಸಣ್ಣ ಕಾಕಾ: (ಫಾರ್ವರ್ಡ್) "ಕಾರು ಮಾಲೀಕರೇ ಎಚ್ಚರ! ಹಳೆಯ ಕಾರು ಕೊಂಡರೆ ಅದರ ವಿಮೆಯೂ ತಾನಾಗಿಯೇ ನಿಮ್ಮದಾಗುತ್ತದೆ. ಕಂಪನಿ ಪೂರ್ತಿ ದುಡ್ಡು ಕೊಡಲೇಬೇಕು. ಹತ್ತು ಜನರಿಗೆ ಕಳುಹಿಸಿ."

ಬಸಣ್ಣ ಕಾಕಾ: ಎಲ್ಲರೂ ಓದಿದಿರಾ? ಕಮಲಾಪುರದ ಹತ್ತಿರ ಎಮ್ಮೆ ಅಡ್ಡ ಬಂದು ನಮ್ಮ ಸಿದ್ದು ಕೊಂಡ ಹಳೆಯ ಕಾರಿನ ಬಾನೆಟ್, ರೇಡಿಯೇಟರ್ ಎರಡೂ ಹೋಗಿವೆ. ಕಂಪನಿಯವರು ನಯಾಪೈಸೆ ಕೊಡುವುದಿಲ್ಲವಂತೆ. ಹಗಲು ದರೋಡೆ!

ರೇಖಾ: ಕಾಕಾ, ಇದು ಅರ್ಧ ನಿಜ. ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ ತಾನಾಗಿ ಬರುವುದು ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟ ತುಂಬುವ ವಿಮೆ ಮಾತ್ರ. ಸುಪ್ರೀಂ ಕೋರ್ಟ್ 1996ರಲ್ಲೇ ಹೀಗೆಂದು ಹೇಳಿದೆ. ನಮ್ಮ ಕಾರಿನ ಹಾನಿಗೂ ಪರಿಹಾರ ಬೇಕಿದ್ದರೆ ಕೊಂಡವನು 14 ದಿನದೊಳಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು.

ಬಸಣ್ಣ ಕಾಕಾ: ಅಂದರೆ ಎಮ್ಮೆಗೆ ವಿಮೆ ಇದೆ, ನನ್ನ ಮಗನ ಕಾರಿಗಿಲ್ಲ!

ರೇಖಾ: ಹಾಗೆಯೇ. ಎಮ್ಮೆಯವನ ನಷ್ಟ ಕಂಪನಿಯ ತಲೆಗೆ ಬರುತ್ತಿತ್ತು.

ಬಸಣ್ಣ ಕಾಕಾ: ಅವನಿಗೆ ನಾನು ರಸ್ತೆಯಲ್ಲೇ ದುಡ್ಡು ಎಣಿಸಿ ಕೊಟ್ಟು ರಾಜಿ ಮಾಡಿಕೊಂಡೆನಲ್ಲ.

ರೇಖಾ: ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಕೊಳ್ಳಬಾರದು, ಹಣ ಕೊಡಬಾರದು ಎಂದು ಪಾಲಿಸಿಯಲ್ಲೇ ಷರತ್ತಿದೆ. ಆ ದುಡ್ಡು ಇನ್ನು ಬಂದಂತೆಯೇ.

ಬಸಣ್ಣ ಕಾಕಾ: ಊರಿನವರೆಲ್ಲ ಕಾರನ್ನು ಮುತ್ತಿಕೊಂಡಿದ್ದರು. ಅವರ ಮುಂದೆ ಷರತ್ತು ಓದುತ್ತ ಕೂರಲೇ?

ಮಹಾದೇವಿ ವೈನಿ: ಕಾಕಾ ಕೇಳುವುದರಲ್ಲಿ ತಪ್ಪೇನಿದೆ ರೇಖಾ? ಪಾಲಿಸಿ ಮಾರುವಾಗ ಚಹಾ ಕುಡಿಯುತ್ತ ಗಂಟೆಗಟ್ಟಲೆ ಕೂರುವ ಏಜೆಂಟ್ ಈ ಷರತ್ತಿನ ಬಗ್ಗೆ ಬಾಯಿ ಬಿಟ್ಟನೇ?

ಸಿದ್ದು: ಅಕ್ಕಾ, ಆರ್‌ಸಿ ನನ್ನ ಹೆಸರಿಗೆ ಬಂದ ವಾರದಲ್ಲೇ ಕಂಪನಿಗೆ ಇಮೇಲ್ ಕಳುಹಿಸಿದ್ದೆ. ನೋ ಕ್ಲೇಮ್ ಬೋನಸ್‌ನ ವ್ಯತ್ಯಾಸ ಕಟ್ಟಿ ಎಂದರು. ಹಳೆಯ ಮಾಲೀಕನ ಬೋನಸ್‌ಗೆ ನಾನೇಕೆ ಕಟ್ಟಲಿ?

ರೇಖಾ: ಬೋನಸ್ ಕಾರಿನದಲ್ಲ, ಅವನದು. ಐದು ವರ್ಷ ಕ್ಲೇಮ್ ಮಾಡದವನಿಗೆ ಸ್ವಂತ ಹಾನಿಯ ಕಂತಿನಲ್ಲಿ ಶೇ. 50ರಷ್ಟು ರಿಯಾಯಿತಿ ಸಿಗುತ್ತದೆ. ಕಾರು ಮಾರಿದಾಗ ಅದನ್ನು ಅವನು ತೆಗೆದುಕೊಂಡು ಹೋದ. ಇರಲಿ, ಇಮೇಲ್ ಇದೆಯಲ್ಲ, ಅದನ್ನು ಅಳಿಸಬೇಡ. ಕ್ಲೇಮ್ ಕೊಡುವುದಿಲ್ಲ ಎಂದು ಬರೆದುಕೊಟ್ಟಿದ್ದಾರೆಯೇ?

ಸಿದ್ದು: ಇಲ್ಲ. ಏಜೆಂಟ್ ಫೋನಿನಲ್ಲಿ ಹೇಳಿದ.

ರೇಖಾ: ಅದನ್ನು ಲೆಕ್ಕಕ್ಕೇ ಹಿಡಿಯಬೇಡ. ಕಾರಣ ಸಹಿತ ಬರೆದುಕೊಡಿ ಎಂದು ಕೇಳು, ಅವರ ದೂರು ವಿಭಾಗಕ್ಕೂ ಬರೆ. ಒಂದು ತಿಂಗಳು ಉತ್ತರವಿಲ್ಲ ಅಥವಾ ಉತ್ತರ ಒಪ್ಪಿಗೆಯಾಗಲಿಲ್ಲ ಎಂದಾದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳಿ ತೀರ್ಮಾನಿಸುವವರು, ಇದ್ದಾರೆ. ಶುಲ್ಕವಿಲ್ಲ, ವಕೀಲರೂ ಬೇಡ. ಅದು ಬೇಡವೆಂದರೆ ಇಲ್ಲೇ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗ. ಗೆದ್ದೇ ಗೆಲ್ಲುತ್ತೀಯ ಎಂದು ಮಾತ್ರ ಹೇಳಲಾರೆ. ವ್ಯತ್ಯಾಸದ ಹಣ ಕಟ್ಟದಿರುವುದನ್ನು ಅವರು ಹಿಡಿದೇ ಹಿಡಿಯುತ್ತಾರೆ.

ಬಸಣ್ಣ ಕಾಕಾ: ನಿನ್ನ ತಿಂಗಳ ಲೆಕ್ಕ ಮುಗಿಯುವಷ್ಟರಲ್ಲಿ ಗಾಡಿ ಗುಜರಿಗೆ ಹೋಗುತ್ತದೆ. ಬಿಚ್ಚಲು ಬೆಳಿಗ್ಗೆಯೇ ಗ್ಯಾರೇಜಿನವನಿಗೆ ಹೇಳಿದ್ದೇನೆ.

ರೇಖಾ: ಹಾನಿ ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವ ಮೊದಲೇ? ಈಗಲೇ ನಿಲ್ಲಿಸಿ ಕಾಕಾ!

ಸಿದ್ದು: ಬಾನೆಟ್ ತೆಗೆದು ಗೋಡೆಗೆ ಒರಗಿಸಿ ಇಟ್ಟಾಗಿದೆ ಅಕ್ಕಾ.

ರೇಖಾ: ಅಪಘಾತದ ದಿನದ ಫೋಟೋಗಳಾದರೂ ಇವೆಯೇ?

ಬಸಣ್ಣ ಕಾಕಾ: ಎಮ್ಮೆಯದ್ದು ಇದೆ.

ರೇಖಾ: ಕಾರು?

ಸಿದ್ದು: ಎಮ್ಮೆಯ ಹಿಂದೆ ನಂಬರ್ ಪ್ಲೇಟ್ ಅರ್ಧ ಕಾಣುತ್ತದೆ. ಕಳುಹಿಸುತ್ತೇನೆ.