ಬಾಸ್ ಬಂದಾಗಲೆಲ್ಲ ಆಂಪ್ ಬಂದ್ ಆಗುತ್ತದೆ

ಪ್ರಶ್ನೆ: ನಮ್ಮದು ಸಿರುಗುಪ್ಪ. ಹಳೇ ಕಾರಿಗೆ 4 ಓಮ್‌ನ (ಓಮ್ ಅಂದರೆ ಕರೆಂಟಿಗೆ ಇರುವ ತಡೆಯ ಅಳತೆ) ಎರಡು ಸಬ್‌ವೂಫರ್ (ಬಾಸ್ ಸ್ಪೀಕರ್), ಒಂದು ಟೂ ಚಾನಲ್ ಆಂಪ್ (ಆಂಪ್ಲಿಫೈಯರ್) ಹಾಕಿಸಿದ್ದೇನೆ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ ಆಂಪನ್ನು ಬ್ರಿಜ್ ಮಾಡಿ (ಎರಡೂ ಚಾನಲ್ ಒಂದಾಗಿಸಿ) ಕೊಟ್ಟಿದ್ದಾರೆ. ಸಣ್ಣ ಸೌಂಡಿಗೆ ಏನೂ ತೊಂದರೆ ಇಲ್ಲ. ಜಾಸ್ತಿ ಮಾಡಿದರೆ ಡೊಳ್ಳಿನ ಪೆಟ್ಟು ಬಿದ್ದ ಕೂಡಲೇ ಆಂಪ್ ಬಂದ್ ಆಗಿ ಪ್ರೊಟೆಕ್ಟ್ ಲೈಟ್ (ಆಂಪ್ ತನ್ನನ್ನು ಉಳಿಸಿಕೊಳ್ಳಲು ನಿಂತಾಗ ಹತ್ತುವ ಲೈಟ್). ಬಳ್ಳಾರಿ ಮುಟ್ಟುವಷ್ಟರಲ್ಲಿ ನಾಲ್ಕು ಸಲ ಬಂದ್. ಫಿಟ್ ಮಾಡಿದವರು ‘ಆಂಪ್ ಹೋಗಿದೆ, ಹೊಸದು ತಗೊಳ್ಳಿ’ ಅಂತಾರೆ. ನಿಜಾನಾ?

ಉತ್ತರ: ಸುಮ್ನೆ ದುಡ್ಡು ಸುರಿಯಬೇಡಿ. ಸ್ಪೀಕರ್ ಟರ್ಮಿನಲ್ ಹತ್ತಿರ ಬ್ರಿಜ್‌ಗೆ ಕನಿಷ್ಠ ಎಷ್ಟು ಓಮ್ ಅಂತ ಬರೆದಿದೆ? ಸಬ್ ವೈರನ್ನು ಆಂಪಿನಿಂದ ಬಿಚ್ಚಿ, ತುದಿಗೆ ಮೀಟರ್ ಹಿಡಿದು ರೀಡಿಂಗ್ ಹೇಳಿ.

ಪ್ರಶ್ನೆ ಕೇಳಿದವರು: ಕನಿಷ್ಠ 4 ಓಮ್ ಅಂತಿದೆ. ಮೀಟರ್ 1.8 ತೋರಿಸಿತು. ಬಿಡಿಬಿಡಿಯಾಗಿ ನೋಡಿದರೆ 3.6. ಸಬ್‌ಗಳೇ ಕೆಟ್ಟಿವೆಯಾ?

ಉತ್ತರ: ಇಲ್ಲ, ಗಟ್ಟಿಯಾಗಿವೆ. ಮೀಟರ್ ಅಳೆಯುವುದು ಡಿಸಿ ರೆಸಿಸ್ಟೆನ್ಸ್, ಅಂದರೆ ನೇರ ಕರೆಂಟಿಗೆ ಇರುವ ತಡೆ ಮಾತ್ರ. 4 ಓಮ್ ಕಾಯಿಲ್‌ಗೆ (ಸ್ಪೀಕರ್ ಒಳಗಿನ ತಂತಿ ಸುರುಳಿಗೆ) ಅದು ಮೂರು ಚಿಲ್ಲರೆ ಬರುವುದೇ ಸರಿ. ತಪ್ಪಿರುವುದು ಜೋಡಣೆ. ಕಾಲುವೆಯ ಒಂದು ತೂಬು ಇದ್ದ ಕಡೆ ಎರಡು ತೆರೆದರೆ ನೀರು ದುಪ್ಪಟ್ಟು ಹರಿಯುತ್ತೆ, ಅಲ್ವಾ? ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸುವ ಪ್ಯಾರಲಲ್ ಅಂದರೆ ಅದೇ. 4 ಮತ್ತು 4 ಸೇರಿ 2 ಓಮ್ ಆಯಿತು. ಬ್ರಿಜ್ ಮಾಡಿದಾಗ ಒಂದೊಂದು ಚಾನಲ್‌ಗೆ ಅದರಲ್ಲೂ ಅರ್ಧವೇ ಕಾಣುವುದು, ಬರೀ 1 ಓಮ್. ಓಮ್ ಇಳಿದಷ್ಟೂ ಕರೆಂಟ್ ಜಾಸ್ತಿ, ಬಿಸಿ ಜಾಸ್ತಿ. ಅದರ ಮೇಲೆ ನಮ್ಮ ಕಡೆಯ ಏಪ್ರಿಲ್ ಬಿಸಿಲು. ಪಾಪ, ಆಂಪ್ ಬಂದ್ ಆಗಿಯೇ ಜೀವ ಉಳಿಸಿಕೊಂಡಿದೆ.

ದಾರಿ ಎರಡು. ಬ್ರಿಜ್ ಇಟ್ಟುಕೊಂಡೇ ಸೀರೀಸ್ (ಒಂದರ ಹಿಂದೆ ಒಂದು) ಮಾಡಬಹುದು: ಆಂಪಿನ ಪ್ಲಸ್ ಮೊದಲ ಸಬ್‌ನ ಪ್ಲಸ್‌ಗೆ, ಅದರ ಮೈನಸ್ ಎರಡನೆಯದರ ಪ್ಲಸ್‌ಗೆ, ಉಳಿದ ಮೈನಸ್ ಆಂಪಿಗೆ. 8 ಓಮ್ ಆಗುತ್ತದೆ. ಇಲ್ಲವೇ ಬ್ರಿಜ್ ತೆಗೆದು ಚಾನಲ್‌ಗೊಂದು ಸಬ್ ಕೊಡಿ. ಎರಡರಲ್ಲೂ ಒಂದೊಂದು ಚಾನಲ್‌ಗೆ ಬೀಳುವುದು 4 ಓಮ್, ಸಿಗುವ ಪವರ್ ಕೂಡ ಹೆಚ್ಚುಕಡಿಮೆ ಅಷ್ಟೇ. ನಾನಾದರೆ ಚಾನಲ್‌ಗೊಂದು ಕೊಡುತ್ತೇನೆ. ನಮ್ಮ ರಸ್ತೆಗಳಿಗೆ ಒಂದು ವೈರ್ ಕಳಚಿದರೂ ಇನ್ನೊಂದು ಸಬ್ ಹಾಡುತ್ತಿರುತ್ತದೆ. ಸೀರೀಸ್‌ನಲ್ಲಿ ಎರಡೂ ಗಪ್‌ಚುಪ್.

ಪ್ರಶ್ನೆ ಕೇಳಿದವರು: ಚಾನಲ್‌ಗೊಂದು ಕೊಟ್ಟೆ. ಲೈಟ್ ಬರುತ್ತಿಲ್ಲ. ಆದರೆ ಬಾಸೇ ಮಾಯ!

ಉತ್ತರ: ಒಂದು ಸಬ್‌ನ ಪ್ಲಸ್ ಮೈನಸ್ ಉಲ್ಟಾ ಆಗಿದೆ, ಒಂದು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆದು ಬಾಸ್ ಅಳಿಸಿಹೋಗುತ್ತಿದೆ. ವೈರನ್ನು ಆಂಪಿನಿಂದ ಬಿಚ್ಚಿ, ಆ ತುದಿಗೆ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ, ಪ್ಲಸ್‌ಗೆ ಪ್ಲಸ್. ಎರಡರ ಕೋನೂ (ಸ್ಪೀಕರ್ ಮುಂದೆ ಅಲುಗಾಡುವ ಭಾಗ) ಹೊರಗೇ ಜಿಗಿಯಬೇಕು.

ಪ್ರಶ್ನೆ ಕೇಳಿದವರು: ಹೌದು, ಒಂದು ಒಳಗೆ ಹೋಗುತ್ತಿತ್ತು! ತಿರುಗಿಸಿ ಹಾಕಿದೆ. ನಿನ್ನೆ ತೆಕ್ಕಲಕೋಟೆ ದಾಟಿ ಬಳ್ಳಾರಿವರೆಗೆ ಒಮ್ಮೆಯೂ ನಿಲ್ಲಲಿಲ್ಲ. ಈಗ ಹಿಂದಿನ ನಂಬರ್ ಪ್ಲೇಟ್ ಗಡಗಡ ಅನ್ನುತ್ತಿದೆ, ಅದಕ್ಕೇನು ಮಾಡಲಿ?