ಕಲಬುರಗಿಯಲ್ಲಿ ವಾರಾಂತ್ಯ: ಎಲ್ಲಿಗೆ ಹೋಗಬೇಕು, ಏನು ಉಣ್ಣಬೇಕು, ಯಾವ ತಿಂಗಳಲ್ಲಿ?

ಕೇಳಿದವರು: ಹೊಸದಾಗಿ ಕಲಬುರಗಿಗೆ ಬಂದ ಬ್ಯಾಂಕ್ ಉದ್ಯೋಗಿ

ಜೂನ್ ತಿಂಗಳಲ್ಲಿ ಶಿವಮೊಗ್ಗದಿಂದ ಕಲಬುರಗಿಗೆ ವರ್ಗವಾಗಿ ಬಂದಿದ್ದೇನೆ. ಜೊತೆಯಲ್ಲಿ ಪತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಹಾಗೂ ಮೊಣಕಾಲು ನೋವಿನಿಂದಾಗಿ ಮೆಟ್ಟಿಲು ಹತ್ತಲಾಗದ ಅತ್ತೆಯವರು ಇದ್ದಾರೆ. ಭಾನುವಾರ ಬಂದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮನೆಯಲ್ಲೇ ಉಳಿಯುತ್ತೇವೆ. ಇಲ್ಲಿ ಬಿಸಿಲು ಬಿಟ್ಟರೆ ಬೇರೇನೂ ಇಲ್ಲ, ಸುತ್ತಾಡಬೇಕಾದರೆ ಹೈದರಾಬಾದಿಗೇ ಹೋಗಬೇಕು ಎಂದು ಕಚೇರಿಯಲ್ಲಿ ಕೆಲವರು ಹೇಳುತ್ತಾರೆ. ಈ ಭಾಗದ ಊಟ, ಬಯಲಿನಲ್ಲಿ ಮಕ್ಕಳೊಂದಿಗೆ ಕಳೆಯಬಹುದಾದ ಜಾಗಗಳು, ಜಾತ್ರೆ ಮತ್ತು ಕಾರ್ಯಕ್ರಮಗಳ ಬಗ್ಗೆ ಅನುಭವ ಇರುವವರು ದಯವಿಟ್ಟು ತಿಳಿಸಿ.

ಕಲಬುರಗಿಯ ನಿವೃತ್ತ ಶಿಕ್ಷಕರು

ಮೇಡಂ ಅವರೇ, ಬಿಸಿಲಿನ ಮಾತು ಸುಳ್ಳಲ್ಲ. ಮಾರ್ಚ್ ಮಧ್ಯದಿಂದ ಜೂನ್‌ನಲ್ಲಿ ಮಳೆ ಹಿಡಿಯುವವರೆಗೆ ಪಾರಾ 40 ಡಿಗ್ರಿ ದಾಟುವುದು ಇಲ್ಲಿ ಸಾಮಾನ್ಯ, ಆ ದಿನಗಳಲ್ಲಿ ಹನ್ನೊಂದು ಗಂಟೆಯ ನಂತರ ಮಕ್ಕಳನ್ನು ಕೋಟೆಯ ಕಲ್ಲಿನ ಮೇಲೆ ನಡೆಸುವುದು ಸರಿಯಲ್ಲ. ಆದರೆ ವರ್ಷದ ಉಳಿದ ತಿಂಗಳುಗಳಿಗೂ ಅದೇ ಹಣೆಪಟ್ಟಿ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಈ ಸೀಮೆಯಲ್ಲಿ ಮೊದಲು ತಿಂಗಳನ್ನು ನೋಡಬೇಕು, ಆಮೇಲೆ ಊರನ್ನು ಆರಿಸಿಕೊಳ್ಳಬೇಕು. ಜುಲೈಯಿಂದ ಅಕ್ಟೋಬರ್‌ವರೆಗೆ ಕಾಡು ಮತ್ತು ಜಲಪಾತ, ನವೆಂಬರ್‌ನಿಂದ ಫೆಬ್ರವರಿವರೆಗೆ ಕೋಟೆ, ಕೆರೆ ಮತ್ತು ಹೊಲ, ಬೇಸಿಗೆಯಲ್ಲಿ ನಸುಕು ಅಥವಾ ಸಂಜೆಯ ಹೊತ್ತು ಮಾತ್ರ ಎಂದು ಇಟ್ಟುಕೊಂಡರೆ ನಿಮಗೆ ಎಂದೂ ಬೇಸರವಾಗುವುದಿಲ್ಲ.

ಈಗ ಮಳೆಗಾಲ ಇರುವುದರಿಂದ ಚಿಂಚೋಳಿಯಿಂದ ಆರಂಭಿಸಿರಿ. ಕಲಬುರಗಿ ಜಿಲ್ಲೆಯಲ್ಲಿ ಕಾಡು ಇದೆ ಎಂದರೆ ಮಲೆನಾಡಿನವರು ನಂಬುವುದಿಲ್ಲ. ಚಿಂಚೋಳಿ ವನ್ಯಜೀವಿ ಧಾಮವನ್ನು 2011ರಲ್ಲಿ ಘೋಷಿಸಲಾಯಿತು, ಅದರ ವಿಸ್ತಾರ ಸುಮಾರು 134 ಚದರ ಕಿಲೋಮೀಟರ್. ಇದು ಎಲೆ ಉದುರುವ ಒಣ ಕಾಡಾದ್ದರಿಂದ ಏಪ್ರಿಲ್‌ನಲ್ಲಿ ನೋಡಿದವರಿಗೆ ಬರೀ ಕಡ್ಡಿಗಳು ಕಾಣುತ್ತವೆ, ಆಗಸ್ಟ್‌ನಲ್ಲಿ ಹೋದವರಿಗೆ ಗುಡ್ಡಗಳೆಲ್ಲ ಹಸಿರಾಗಿ ಚಂದ್ರಂಪಳ್ಳಿ ಜಲಾಶಯದ ಸುತ್ತ ಮೋಡ ಇಳಿದಿರುತ್ತದೆ. ಜಲಾಶಯದ ದಂಡೆಯವರೆಗೆ ವಾಹನದಲ್ಲೇ ಹೋಗಬಹುದು, ನಿಮ್ಮ ಅತ್ತೆಯವರಿಗೆ ತೊಂದರೆಯಾಗದು. ಎತ್ತಿಪೋತ ಜಲಪಾತಕ್ಕೂ ಮಳೆಯ ದಿನಗಳೇ ಕಾಲ, ಆದರೆ ಅಲ್ಲಿನ ಬಂಡೆಗಳು ಪಾಚಿಗಟ್ಟಿ ಜಾರುವುದರಿಂದ ಮಕ್ಕಳನ್ನು ದೂರದಲ್ಲೇ ನಿಲ್ಲಿಸಿಕೊಳ್ಳಬೇಕು. ಬುತ್ತಿ ಕಟ್ಟಿಕೊಂಡೇ ಹೋಗಿರಿ. ಕಾಡಿನ ಒಳಗೆ ಊಟ ಸಿಗುತ್ತದೆ ಎಂದು ನಂಬಿಕೊಳ್ಳಬಾರದು, ತಂದ ಪ್ಲಾಸ್ಟಿಕ್ಕನ್ನು ಅಲ್ಲಿ ಬಿಡಲೂ ಬಾರದು.

ನಗರದೊಳಗಿನ ಜಾಗಗಳಲ್ಲಿ ಕೋಟೆಗೆ ಮೊದಲ ಸ್ಥಾನ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ಕಲಬುರಗಿಯೇ ಅದರ ರಾಜಧಾನಿಯಾಯಿತು. ಕೋಟೆಯ ಒಳಗಿರುವ ಜಾಮಿ ಮಸೀದಿ 1367ರದು. ನಮ್ಮ ಕಡೆಯ ದೊಡ್ಡ ಮಸೀದಿಗಳಲ್ಲಿ ನಡುವೆ ತೆರೆದ ಅಂಗಳ ಇರುತ್ತದೆ, ಇಲ್ಲಿ ಅಂಗಳವೇ ಇಲ್ಲದೆ ಇಡೀ ಕಟ್ಟಡಕ್ಕೆ ಚಾವಣಿ ಇದೆ. ಬೆಳಗಿನ ಎಂಟರ ಹೊತ್ತಿಗೆ ಕಮಾನುಗಳ ಸಾಲಿನಲ್ಲಿ ಬೆಳಕು ಓರೆಯಾಗಿ ಬೀಳುವಾಗ ಮಕ್ಕಳನ್ನು ಒಂದು ತುದಿಯಲ್ಲಿ ನಿಲ್ಲಿಸಿ ನೋಡಲು ಹೇಳಿರಿ, ಪಾಠದ ಪುಸ್ತಕ ಹೇಳದಿದ್ದನ್ನು ಕಣ್ಣು ಕಲಿಯುತ್ತದೆ. ಅಲ್ಲಿಂದ ಹಫ್ತ್ ಗುಂಬಜ್‌ನ ಗೋರಿಗಳನ್ನು ನೋಡಿಕೊಂಡು ಬರಬಹುದು. ಸಂಜೆಗೆ ಸೇಡಂ ರಸ್ತೆಯ ಬುದ್ಧ ವಿಹಾರ ಬಹಳ ಪ್ರಶಾಂತವಾದ ಸ್ಥಳ. ಶರಣಬಸವೇಶ್ವರ ದೇವಸ್ಥಾನದ ಪಕ್ಕದ ಕೆರೆಯ ದಂಡೆ ವಯಸ್ಸಾದವರ ನಡಿಗೆಗೆ ಯೋಗ್ಯವಾಗಿದೆ.

ಅರ್ಧ ದಿನದ ಪ್ರವಾಸಕ್ಕೆ ಸೇಡಂ ರಸ್ತೆಯಲ್ಲೇ ಮುಂದೆ ಹೋದರೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮಳಖೇಡ ಇದೆ. ರಾಷ್ಟ್ರಕೂಟರ ಮಾನ್ಯಖೇಟ ಅದೇ, ಅಮೋಘವರ್ಷ ನೃಪತುಂಗ ಆಳಿದ ಊರು. ಕಾಗಿಣಾ ನದಿಯ ದಂಡೆಯ ಕೋಟೆ ಹಾಗೂ ಜಯತೀರ್ಥರ ವೃಂದಾವನ ಎರಡನ್ನೂ ಮಧ್ಯಾಹ್ನದೊಳಗೆ ನೋಡಿ ಮುಗಿಸಬಹುದು. ಭೀಮಾ ತೀರದ ಸನ್ನತಿಗೆ ಮಾತ್ರ ಪೂರ್ತಿ ಒಂದು ದಿನ ಇಡಿರಿ. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ 1986ರಲ್ಲಿ ಅಶೋಕನ ಶಾಸನ ದೊರೆಯಿತು, ಸಮೀಪದ ಕನಗನಹಳ್ಳಿಯ ಉತ್ಖನನದಲ್ಲಿ ‘ರಾಯೊ ಅಸೋಕೊ’ ಎಂದು ಬ್ರಾಹ್ಮಿಯಲ್ಲಿ ಬರೆದ ಅಶೋಕನ ಶಿಲ್ಪವೇ ಹೊರಬಂದಿತು. ಇಂತಹ ಊರು ಕಾರಿನಲ್ಲಿ ಎರಡು ತಾಸಿನ ಒಳಗೆ ಇರುವಾಗ ನಮ್ಮ ಮಕ್ಕಳು ಅದನ್ನು ನೋಡದೆ ಬೆಳೆಯಬಾರದು ಎಂದು ನನ್ನ ಬಲವಾದ ಅಭಿಪ್ರಾಯ.

ಕಲಬುರಗಿಯ ಗೃಹಿಣಿ

ಗುರುಗಳು ನೋಡುವ ಜಾಗಗಳನ್ನು ಚೆನ್ನಾಗಿ ತಿಳಿಸಿದ್ದಾರೆ, ಊಟದ ವಿಷಯ ನಾನು ಹೇಳುತ್ತೇನೆ. ಹೊಸಬರು ಬಂದ ಕೂಡಲೇ ದೊಡ್ಡ ಹೋಟೆಲುಗಳಿಗೆ ಹೋಗಿ, ಇಲ್ಲಿಯದೂ ಎಲ್ಲ ಕಡೆಯ ಊಟದಂತೆಯೇ ಇದೆ ಎನ್ನುತ್ತಾರೆ. ನೀವು ಖಾನಾವಳಿಗೆ ಹೋಗಿರಿ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರ ಒಳಗೆ ಹೋದರೆ ರೊಟ್ಟಿ ಹೆಂಚಿನಿಂದ ನೇರವಾಗಿ ತಾಟಿಗೆ ಬರುತ್ತದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಜುಣಕ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ಖಾರಕ್ಕೆ ಮಕ್ಕಳು ಹೆದರಿದರೆ ಹಿಂಡಿಯ ಮೇಲೆ ಮೊಸರು ಅಥವಾ ಎಣ್ಣೆ ಹಾಕಿ ಕಲಸಿ ಕೊಡಿರಿ, ಕೆಲವೇ ದಿನಗಳಲ್ಲಿ ಅವರೇ ಕೇಳಿ ಹಾಕಿಸಿಕೊಳ್ಳುತ್ತಾರೆ. ಪುಂಡಿ ಪಲ್ಯದ ಹುಳಿ ನಿಮ್ಮ ಅತ್ತೆಯವರಿಗೆ ಮೊದಲ ತುತ್ತಿಗೇ ಹಿಡಿಸಬಹುದು ಎಂದು ನನ್ನ ಊಹೆ.

ಬೆಳಗಿನ ತಿಂಡಿಗೆ ಸುಸಲಾ ಮತ್ತು ಮಿರ್ಚಿ ಭಜಿ ತಿನ್ನಿರಿ. ಚುರುಮುರಿಯನ್ನು ನೆನೆಸಿ ಹಿಂಡಿ, ಒಗ್ಗರಣೆ ಕೊಟ್ಟು, ಪುಟಾಣಿ ಪುಡಿ ಉದುರಿಸಿದ ಸುಸಲಾ ಮಳೆಯ ಬೆಳಗ್ಗೆ ಬಹಳ ರುಚಿ. ಮಾಂಸಾಹಾರಿಗಳಿಗೆ ಕಲಬುರಗಿಯ ತಹಾರಿ ಇದೆ. ಮಾಂಸದೊಂದಿಗೆ ಅಕ್ಕಿ ಬೇಯಿಸಿ ಮಾಡುವ ಈ ಅನ್ನ ಬಿರಿಯಾನಿಗಿಂತ ಬೇರೆ ಹದದ್ದು, ಭಾನುವಾರ ಬೆಳಗ್ಗೆ ಅದನ್ನೇ ತಿಂಡಿಯಾಗಿ ತಿನ್ನುವವರು ನಗರದಲ್ಲಿ ಬಹಳ ಜನ. ಸಿಹಿಯಲ್ಲಿ ಖೋವಾದ ಮಾಲ್‌ಪುರಿಯನ್ನು ಬಿಡಬೇಡಿರಿ. ಮನೆಗೆ ಬೇಳೆ ಕೊಳ್ಳುವಾಗ ಇಲ್ಲಿಯ ತೊಗರಿಯನ್ನೇ ಕೇಳಿರಿ. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತು ದೊರೆತಿದೆ, ಬೇಗ ಬೇಯುತ್ತದೆ, ಸಾರಿಗೂ ಹೋಳಿಗೆಯ ಹೂರಣಕ್ಕೂ ಅದರ ರುಚಿಯೇ ಬೇರೆ. ಮಹಿಳಾ ಸ್ವಸಹಾಯ ಗುಂಪಿನವರು ತಯಾರಿಸುವ ‘ಕಲಬುರಗಿ ರೊಟ್ಟಿ’ಯ ಕಟಕ ರೊಟ್ಟಿಗಳನ್ನು ಪ್ರವಾಸದ ಬುತ್ತಿಗೆ ಒಯ್ಯಬಹುದು, ದಿನಗಟ್ಟಲೆ ಕೆಡುವುದಿಲ್ಲ.

ಆದರೆ ನಮ್ಮ ನಿಜವಾದ ಊಟ ಹೊಲದಲ್ಲಿದೆ. ಎಳ್ಳ ಅಮಾವಾಸ್ಯೆ ಡಿಸೆಂಬರ್ ಉತ್ತರಾರ್ಧ ಅಥವಾ ಜನವರಿ ಮೊದಲ ಭಾಗದಲ್ಲಿ ಬರುತ್ತದೆ. ಆ ದಿನ ಹೊಲ ಇದ್ದವರೆಲ್ಲರೂ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಬೆಳೆಯ ನಡುವೆ ಚರಗ (ನೈವೇದ್ಯದ ಅಡುಗೆ) ಚೆಲ್ಲಿ, ಆಮೇಲೆ ಸಾಲಾಗಿ ಕುಳಿತು ಉಣ್ಣುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಅಂಬಲಿ ಇರುತ್ತವೆ, ಎಲ್ಲಕ್ಕಿಂತ ಮುಖ್ಯವಾಗಿ ಭಜ್ಜಿ ಇರುತ್ತದೆ. ಆ ಕಾಲದಲ್ಲಿ ಸಿಗುವ ಹಸಿ ಕಾಳು, ತರಕಾರಿ, ಸೊಪ್ಪುಗಳನ್ನೆಲ್ಲ ಹುಣಸೆಹುಳಿಯೊಂದಿಗೆ ಒಂದೇ ಪಾತ್ರೆಯಲ್ಲಿ ಕುದಿಸಿ ಮಾಡುವ ಆ ಪಲ್ಯವನ್ನು ಯಾವ ಹೋಟೆಲಿನ ತಾಟಿನಲ್ಲೂ ಹುಡುಕಬೇಡಿರಿ, ಸಿಕ್ಕರೂ ಅದು ಅದಾಗಿರುವುದಿಲ್ಲ. ನಿಮ್ಮ ಬ್ಯಾಂಕಿನಲ್ಲಿ ಹೊಲ ಇರುವ ಸಹೋದ್ಯೋಗಿಗಳು ಇದ್ದೇ ಇರುತ್ತಾರೆ. ಈಗಲೇ ಅವರಿಗೆ ಒಂದು ಮಾತು ಹೇಳಿ ಇಡಿರಿ. ಈ ಹಬ್ಬಕ್ಕೆ ಪರಊರಿನವರನ್ನು ಹೊಲಕ್ಕೆ ಕರೆಯುವುದು ಇಲ್ಲಿ ಸಂತೋಷದ ವಿಷಯ, ಸಂಕೋಚಪಡುವ ಅಗತ್ಯವಿಲ್ಲ. ಮುಂದಿನ ವಾರಗಳಲ್ಲಿ ಎಳೆಯ ಜೋಳದ ತೆನೆ ಸುಟ್ಟು ಬಡಿದ ಸೀತನಿ ಸಿಗುತ್ತದೆ, ಅದರ ಕಾಲ ಬಹಳ ಚಿಕ್ಕದು.

ಬೀದರ್‌ನ ಕಾಲೇಜು ಉಪನ್ಯಾಸಕರು

ಹೈದರಾಬಾದಿಗೆ ಹೋಗಲು ಹೊರಟವರು ಒಂದು ಸಲ ಬೀದರ್‌ಗೆ ಬಂದು ನೋಡಲಿ. ಕಲಬುರಗಿ–ಬೀದರ್ ರೈಲು ಮಾರ್ಗ 2017ರಲ್ಲಿ ಆರಂಭವಾಯಿತು, ಸುಮಾರು 110 ಕಿಲೋಮೀಟರ್ ದಾರಿ. ಗುಡ್ಡದ ನಡುವೆ ಸುರಂಗ ದಾಟುವ ಈ ಪ್ರಯಾಣವೇ ಮಕ್ಕಳಿಗೆ ಒಂದು ಸಂತೋಷ. ವೇಳಾಪಟ್ಟಿಯನ್ನು ಹಿಂದಿನ ದಿನವೇ ನೋಡಿಕೊಳ್ಳಿರಿ, ಏಕೆಂದರೆ ಬಂದ ದಿನವೇ ಮರಳಲು ಗಾಡಿ ಹೊಂದದೆ ಇರಬಹುದು. ರಸ್ತೆಯಲ್ಲಿ ಬಂದರೆ ಕಮಲಾಪುರದಲ್ಲಿ ಅಲ್ಲಿನ ಕೆಂಪು ಬಾಳೆಹಣ್ಣು ಕೊಳ್ಳಬಹುದು, ಅದಕ್ಕೂ ಭೌಗೋಳಿಕ ಗುರುತು ಇದೆ. ಹುಮನಾಬಾದ್ ಬಳಿಯ ಜಲಸಂಗವಿ ಗುಡಿಯಲ್ಲಿ, ಚಾಲುಕ್ಯ ದೊರೆ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತಿರುವ ಶಿಲಾಬಾಲಿಕೆಯನ್ನು ನೋಡಬಹುದು.

ಬೀದರ್ 2,000 ಅಡಿಗಿಂತ ಎತ್ತರದ ಪ್ರಸ್ಥಭೂಮಿಯ ಮೇಲಿದೆ, ಕಲಬುರಗಿಗಿಂತ ಗಾಳಿ ತಂಪು. ಎಲ್ಲರೂ ಕೋಟೆಗೆ ಹೋಗುತ್ತಾರೆ. ರಂಗೀನ್ ಮಹಲಿನ ಮುತ್ತುಚಿಪ್ಪಿನ ಕೆತ್ತನೆಯನ್ನು ನೋಡಲೇಬೇಕು ಎಂಬುದು ನಿಜ, ಆದರೆ ಅತ್ತೆಯವರ ಜೊತೆ ಬರುವ ನಿಮಗೆ ನಾನು ಮೊದಲು ಅಷ್ಟೂರನ್ನು ಸೂಚಿಸುತ್ತೇನೆ. ಊರಿನ ಪೂರ್ವಕ್ಕೆ, ಹೊಲಗಳ ನಡುವೆ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಸಿಡಿಲು ಬಡಿದು ಸೀಳಿ ಅರ್ಧ ಉಳಿದ ಹುಮಾಯೂನನ ಗುಮ್ಮಟದಲ್ಲಿ ಗೋಡೆಯ ದಪ್ಪ ಎಷ್ಟೆಂಬುದು ಮಕ್ಕಳ ಕಣ್ಣಿಗೇ ಕಾಣುತ್ತದೆ. ಅಹ್ಮದ್ ಶಾ ವಲಿಯ ಗೋರಿಯ ಒಳಗೋಡೆಯ ಬಣ್ಣಗಳು ಆರು ಶತಮಾನಗಳ ನಂತರವೂ ಉಳಿದಿವೆ. ಆತನ ಉರುಸು ಹಿಂದೂ ಪಂಚಾಂಗದ ಪ್ರಕಾರ, ಹೋಳಿಯ ನಂತರದ ದಿನಗಳಲ್ಲಿ ನಡೆಯುತ್ತದೆ. ನಿಮ್ಮ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಕಾಲ್ನಡಿಗೆಯಲ್ಲಿ ಬಂದು ಅದರಲ್ಲಿ ಮುಖ್ಯ ಪಾತ್ರ ವಹಿಸುತ್ತಾರೆ. ಈ ಸೀಮೆಯ ಬಾಳ್ವೆ ಎಂಥದು ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ದಿನ ನನಗೆ ತಿಳಿದಿಲ್ಲ.

ಮಧ್ಯಾಹ್ನದ ಊಟಕ್ಕೆ ಗುರುನಾನಕ್ ಝೀರಾ ಗುರುದ್ವಾರಕ್ಕೆ ಹೋಗಿ ತಲೆಗೆ ವಸ್ತ್ರ ಹಾಕಿಕೊಂಡು ಲಂಗರ್‌ನಲ್ಲಿ, ಅಂದರೆ ಅಲ್ಲಿನ ಉಚಿತ ದಾಸೋಹದಲ್ಲಿ, ಪಂಕ್ತಿಗೆ ಕುಳಿತುಕೊಳ್ಳಿರಿ. ಯಾರನ್ನೂ ಯಾವ ಜಾತಿ, ಯಾವ ಊರು ಎಂದು ಕೇಳದೆ ಬಡಿಸುತ್ತಾರೆ. ಸಾಧ್ಯವಾದರೆ ಮಕ್ಕಳಿಂದ ಸ್ವಲ್ಪ ಹೊತ್ತು ಬಡಿಸುವ ಅಥವಾ ತಾಟು ತೊಳೆಯುವ ಸೇವೆ ಮಾಡಿಸಿರಿ. ಆಮೇಲೆ 1472ರ ಮಹಮೂದ್ ಗವಾನ್ ಮದರಸಾ, ಅದರ ಗೋಡೆಯಲ್ಲಿ ಉಳಿದಿರುವ ನೀಲಿ ಹೆಂಚುಗಳು, ಸಮೀಪದ ಬಿದರಿ ಕುಶಲಕರ್ಮಿಗಳ ಅಂಗಡಿಗಳು. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಅದ್ದಿದಾಗ ಲೋಹ ಕಪ್ಪಾಗಿ ಬೆಳ್ಳಿ ಹಾಗೆಯೇ ಉಳಿಯುವುದನ್ನು ಕೇಳಿಕೊಂಡರೆ ಎದುರಿಗೇ ತೋರಿಸುವವರಿದ್ದಾರೆ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಮಾಡಬೇಕು. ಚಿಕ್ಕ ಮಕ್ಕಳಿಗೂ ಉಸಿರಾಟದ ತೊಂದರೆ ಇರುವವರಿಗೂ ಅದು ಬೇಡ, ಪ್ರವೇಶ ಇದೆಯೇ ಎಂದು ವಿಚಾರಿಸಿಯೇ ಹೋಗಿರಿ.

ಸುರಪುರದ ರೈತರು

ಯಾದಗಿರಿ ಜಿಲ್ಲೆಯನ್ನು ಎಲ್ಲರೂ ಮರೆಯುತ್ತಾರೆ, ಅದಕ್ಕಾಗಿ ಬರೆಯುತ್ತಿದ್ದೇನೆ. ಸುರಪುರದ ಸಮೀಪದ ಬೋನಾಳ ಕೆರೆ ಪಕ್ಷಿಧಾಮಕ್ಕೆ ನವೆಂಬರ್ ನಂತರ ವಲಸೆ ಹಕ್ಕಿಗಳು ಬರುತ್ತವೆ. ಸೂರ್ಯ ಹುಟ್ಟುವ ಹೊತ್ತಿಗೆ ದಂಡೆಯ ಮೇಲೆ ಇರಬೇಕು, ಹತ್ತು ಗಂಟೆಗೆ ಬಂದು ಹಕ್ಕಿ ಇಲ್ಲ ಎನ್ನಬಾರದು. ಬಣ್ಣದ ಬಟ್ಟೆ, ಗದ್ದಲ ಎರಡೂ ಬೇಡ. ಹಿಂದಿರುಗುವಾಗ ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್, ಅಂದರೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನ ಬಂಗಲೆ ನೋಡಿರಿ. ಶಹಾಪುರದ ಹತ್ತಿರ ರಸ್ತೆಯಿಂದಲೇ ಮಲಗಿದ ಬುದ್ಧನ ಆಕಾರದ ಬೆಟ್ಟಗಳು ಕಾಣುತ್ತವೆ, ಅದಕ್ಕೆ ಯಾರೂ ಹತ್ತಬೇಕಾಗಿಲ್ಲ. ಮಳೆಗಾಲದಲ್ಲಾದರೆ ಗುರುಮಠಕಲ್ ಕಡೆಯ ದಬದಬಿ ಜಲಪಾತ ಇದೆ. ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರ ಮತ್ತು ನಾರಾಯಣಪುರದ ಛಾಯಾ ಭಗವತಿಗೆ ಹೋದಾಗ ಒಂದು ಮಾತು ಗಟ್ಟಿಯಾಗಿ ನೆನಪಿಡಿರಿ: ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ನೋಡನೋಡುತ್ತಿದ್ದಂತೆ ಏರುತ್ತದೆ. ಮಕ್ಕಳನ್ನು ಹೊಳೆಗೆ ಇಳಿಸಬೇಡಿರಿ.

ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ, ಅತ್ತೆಯವರು ಗಾಣಗಾಪುರದ ಬಗ್ಗೆಯೂ ಕೇಳುತ್ತಿದ್ದಾರೆ. ನಗರದಲ್ಲಿ ನಾಟಕ, ಸಂಗೀತ, ಜಾತ್ರೆಗಳ ದಿನಾಂಕ ಹೇಗೆ ತಿಳಿಯುತ್ತದೆ?

ಕಲಬುರಗಿಯ ನಿವೃತ್ತ ಶಿಕ್ಷಕರು

ಗಾಣಗಾಪುರಕ್ಕೆ ಹುಣ್ಣಿಮೆ, ಗುರುವಾರ ಮತ್ತು ದತ್ತ ಜಯಂತಿಯ ದಿನಗಳನ್ನು ಬಿಟ್ಟು ಹೋಗಿರಿ, ಜನಸಂದಣಿಯಲ್ಲಿ ಅವರಿಗೆ ನಿಲ್ಲಲು ಕಷ್ಟವಾದೀತು. ಭೀಮಾ–ಅಮರ್ಜಾ ಸಂಗಮ ನೋಡಿಕೊಂಡು ಮಧ್ಯಾಹ್ನದ ಮಧುಕರಿಯ (ಮನೆಮನೆಗೆ ಹೋಗಿ ಭಿಕ್ಷೆ ಬೇಡುವ) ಹೊತ್ತಿಗೆ ಊರೊಳಗೆ ಇದ್ದರೆ ಒಳ್ಳೆಯದು.

ನಾಟಕಗಳಿಗೆ ಡಾ. ಎಸ್.ಎಂ. ಪಂಡಿತ ರಂಗಮಂದಿರದ ಮುಂದಿನ ಫಲಕವನ್ನೂ ರಂಗಾಯಣದ ಪ್ರಕಟಣೆಗಳನ್ನೂ ಗಮನಿಸುತ್ತಿರಿ. ಸ್ಥಳೀಯ ಪತ್ರಿಕೆಗಳ ‘ನಗರದಲ್ಲಿ ಇಂದು’ ಬಗೆಯ ಅಂಕಣಗಳೂ ಉಪಯುಕ್ತ. ಜಾತ್ರೆಗಳಿಗೆ ಕ್ಯಾಲೆಂಡರ್‌ಗಿಂತ ಪಂಚಾಂಗ ನೋಡುವುದು ವಾಸಿ. ಶರಣಬಸವೇಶ್ವರರ ರಥೋತ್ಸವ ಹೋಳಿ ಹುಣ್ಣಿಮೆಯ ನಂತರ ಐದನೆಯ ದಿನ. ರಥ ಎಳೆಯುವ ಸಂಜೆ ಮಕ್ಕಳಿಗೆ ಕಾಣಬೇಕಾದರೆ ಬಿಸಿಲು ಇಳಿಯುವ ಮೊದಲೇ ಒಂದು ಜಾಗ ಹಿಡಿಯಬೇಕು. ಅಂಗಡಿಗಳು ಮುಂದೆ ಅನೇಕ ದಿನ ಇರುತ್ತವೆ, ಅತ್ತೆಯವರನ್ನು ಆಗ ಕರೆತನ್ನಿರಿ. ಖ್ವಾಜಾ ಬಂದೇ ನವಾಜ್ ಉರುಸು ಇಸ್ಲಾಮೀ ಚಾಂದ್ರಮಾನದಂತೆ ನಡೆಯುವುದರಿಂದ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ ದಿನದ ಧ್ವಜಾರೋಹಣ ನಗರದಲ್ಲೇ ನಡೆಯುತ್ತದೆ, ಶಾಲೆಯ ಮಕ್ಕಳ ಕಾರ್ಯಕ್ರಮಗಳೂ ಇರುತ್ತವೆ. ಅದಕ್ಕಿನ್ನೂ ಸಮಯ ಇದೆ. ಮಳೆ ನಿಲ್ಲುವ ಮೊದಲು ಒಂದು ಶನಿವಾರ ಬೆಳಗ್ಗೆ ಆರಕ್ಕೆ ಚಿಂಚೋಳಿಗೆ ಹೊರಡಿರಿ, ಕತ್ತಲಾಗುವ ಮೊದಲು ಕಾಡಿನ ದಾರಿ ಬಿಟ್ಟು ಮುಖ್ಯ ರಸ್ತೆಗೆ ಬಂದಿರಿ.